ಪಡಸಾಲೆಯಲ್ಲಿ ಯಾರಿದ್ದಾರೆ?

ರೋಗಿಯನ್ನು ನೋಡಲು ಹೋದವರು ನಮ್ಮ ಕಡೆ ಸುಮ್ಮನೆ ನೋಡಿ ಬರುವುದಿಲ್ಲ. ಮಂಚದ ಹತ್ತಿರ ಬಗ್ಗಿ, ಮುಖಕ್ಕೆ ಮುಖ ತಂದು, "ನಾ ಯಾರು ಹೇಳು ನೋಡೋಣು" ಎಂದು ಒಂದು ಸಲ ಕೇಳದಿದ್ದರೆ ಹೋದದ್ದೇ ದಂಡ. ರೋಗಿ ಹೆಸರು ಹೇಳಿದರೆ "ಏನೂ ಆಗಿಲ್ಲ ಬಿಡು, ಆರಾಮ ಅದಾನ" ಎನ್ನುತ್ತಾರೆ. ಹೇಳದಿದ್ದರೆ ಹೊರಗೆ ಬಂದು ಸೆರಗಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾರೆ. ಒರತೆ ಎಂಬ ಯಂತ್ರ ಬರುವವರೆಗೆ ಇದರಿಂದ ಯಾರಿಗೂ ಕೇಡಾದದ್ದಿಲ್ಲ.

ಗುರುಸಿದ್ದ ಮಾಸ್ತರರ ಬಲಗಿವಿಯ ಹಿಂದೆ, ಚರ್ಮದ ಕೆಳಗೆ, ಹುಣಸೆಬೀಜದಷ್ಟು ದೊಡ್ಡ ಒರತೆ ಇತ್ತು. ಅವರು ಹುಬ್ಬಳ್ಳಿಯ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು. ಮೂರು ವರ್ಷದ ಹಿಂದೆ ಮೆದುಳು ಜ್ವರ ಬಂತು. ಜೀವ ಉಳಿಯಿತು, ನೆನಪುಗಳೂ ಇದ್ದಲ್ಲೇ ಇದ್ದವು. ಯಾವ ನೆನಪು ತಲೆಯ ಯಾವ ಮೂಲೆಯಲ್ಲಿದೆ ಎಂಬ ವಿಳಾಸ ಮಾತ್ರ ಅಳಿಸಿಹೋಗಿತ್ತು. ಒರತೆ ಆ ವಿಳಾಸಗಳನ್ನು ಇಟ್ಟುಕೊಳ್ಳುವ ಯಂತ್ರ. ಜ್ವರ ಬಿಟ್ಟ ಹೊಸದರಲ್ಲಿ ಮನೆಯವರು ಎದುರು ಕೂತು, ಒಂದೊಂದು ಮುಖ ತೋರಿಸಿ, ಒಂದೊಂದು ಹೆಸರು ಹೇಳಿ, ಮೆದುಳಿನಲ್ಲಿ ಎಲ್ಲಿ ಮಿಂಚುತ್ತದೆ ಎಂದು ನೋಡಿ ಬರೆಸಿದ ಚೀಟಿಗಳು ಅದರ ತುಂಬ ಇದ್ದವು. ಆ ಮಿಂಚು ಕೆಲವೇ ತಿಂಗಳು ಕಾಣುತ್ತದೆ. ಆಮೇಲೆ ದಾರಿ ಮುಚ್ಚಿಹೋಗುತ್ತದೆ, ಹಳೆಯ ನೆನಪಿಗೆ ಇನ್ನೊಮ್ಮೆ ಬರೆಸುತ್ತೇನೆಂದರೆ ಆಗುವುದಿಲ್ಲ. ಹೊಸ ಪರಿಚಯಕ್ಕೆ ಮಾತ್ರ ಹೊಸ ಚೀಟಿ ಹುಟ್ಟುತ್ತದೆ.

ಚೀಟಿ ಇಡಲು ಒರತೆಯಲ್ಲಿ ಎರಡು ಜಾಗ. ಒಳಗೆ ಉಗ್ರಾಣ, ಅಲ್ಲಿ ಸಾವಿರಾರು ಚೀಟಿ. ಮುಂದೆ ಪಡಸಾಲೆ, ಅಲ್ಲಿ ಈಚೆಗೆ ಕೆಲಸಕ್ಕೆ ಬಂದ ಮುನ್ನೂರೇ ಚೀಟಿ. ಎಂಜಿನಿಯರುಗಳ ಪುಸ್ತಕದಲ್ಲಿ ಅದಕ್ಕೆ ಕ್ಯಾಶ್ ಎನ್ನುತ್ತಾರೆ. ಯಂತ್ರವನ್ನು ತಯಾರಿಸುವ ಒರತೆ ಕೇಂದ್ರದಲ್ಲಿ ಎಲ್ಲರ ಬಾಯಲ್ಲೂ ಪಡಸಾಲೆಯೇ. ಹೆಂಡತಿಯ ಮುಖ ಕಂಡರೆ ಅವಳ ಚೀಟಿ ಪಡಸಾಲೆಗೆ ಬಂದು ಎಲ್ಲರಿಗಿಂತ ಮುಂದೆ ಕೂರುತ್ತದೆ. ಜಾಗ ಸಾಲದಿದ್ದರೆ, ಬಹಳ ಹೊತ್ತಿನಿಂದ ಯಾರೂ ಕರೆಯದ ಹಿಂದಿನ ಸಾಲಿನ ಚೀಟಿಯನ್ನು ಎಬ್ಬಿಸಿ ಒಳಗೆ ಕಳಿಸಲಾಗುತ್ತದೆ. ಎಬ್ಬಿಸುವ ಯಜಮಾನ ಕರ್ನಲ್, ಯಂತ್ರದ ಎಲ್ಲ ಕೆಲಸಕ್ಕೂ ಅಪ್ಪಣೆ ಕೊಡುವ ಮೂಲ ಪ್ರೋಗ್ರಾಂ. ಆ ಕರ್ನಲ್ ಬರೆದವರಲ್ಲಿ ಒಬ್ಬಳು ಮಾಸ್ತರರ ಹೆಂಡತಿ ನೀಲಾಂಬಿಕಾ.

ಸೋಮವಾರ ಬೆಳಿಗ್ಗೆ ಉಗ್ರಾಣ ಸತ್ತಿತು. ಒರತೆಯ ಅಂಚಿನ ಮೇಣ ಸಡಿಲಾಗಿ ಒಳಗೆ ಪಸೆ ಇಳಿದಿತ್ತು. ಮಾಸ್ತರರು ಚಹಾದ ಲೋಟ ಹಿಡಿದುಕೊಂಡು, ತಾವೇ ಬರೆದು ಗೋಡೆಗೆ ಹಾಕಿದ್ದ ಚಿತ್ರವನ್ನು ನೋಡಿ "ಚಲೋ ಐತಿ, ಯಾರು ಬರದದ್ದು?" ಎಂದಾಗ ನೀಲಾ ಎದ್ದು ಚಪ್ಪಲಿ ಮೆಟ್ಟಿದಳು. ಮಧ್ಯಾಹ್ನದೊಳಗೆ ಅವರು ಕೇಂದ್ರದ ಆಸ್ಪತ್ರೆಯಲ್ಲಿದ್ದರು. ಶಸ್ತ್ರವೈದ್ಯೆ ಡಾಕ್ಟರ್ ಸುಮನ್ ಪಟ್ಟೇದ ಶನಿವಾರಕ್ಕೆ ಆಪರೇಷನ್ ಗೊತ್ತು ಮಾಡಿದರು. ಹಳೆಯ ಒರತೆಯನ್ನು ಹೊಸದರ ಎದುರು ಹಿಡಿದಾಗ ಪಡಸಾಲೆಯಲ್ಲಿ ಯಾವ ಚೀಟಿಗಳಿರುತ್ತವೋ ಅಷ್ಟೇ ದಾಟಿ ಬರುತ್ತವೆ. ಉಳಿದ ನೆನಪುಗಳು ತಲೆಯಲ್ಲೇ ಇರುತ್ತವೆ, ಆದರೆ ಅವನ್ನು ಹುಡುಕಲು ಯಾರಿಂದಲೂ ಸಾಧ್ಯವಿಲ್ಲ.

"ನನ್ನ ಚೀಟಿ ಅದರಾಗ ಐತೇನ್ರಿ ಸರ್?" ನೀಲಾ ಕೇಳಿದಳು. ನಾಚಿಕೆ ಬಿಟ್ಟು ಕೇಳಿದಳು. ಹದಿನೆಂಟು ವರ್ಷದ ಸಂಸಾರ ಒಂದು ಚೀಟಿಯ ಮೇಲೆ ನಿಂತಿರುವಾಗ ನಾಚಿಕೆ ಕಟ್ಟಿಕೊಂಡು ಏನು ಮಾಡುವುದು?

ಕರ್ನಲ್ ವಿಭಾಗದ ಮುಖ್ಯಸ್ಥ ಇಮಾಮಸಾಬ ಜಮಾದಾರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅದನ್ನ ಕೇಳಾಕ ಬಾಗಿಲಾನ ಇಟ್ಟಿಲ್ಲಲ್ಲ ನಾವು" ಎಂದರು.

ನಿಜವೇ. ಒಬ್ಬರ ಪಡಸಾಲೆಯಲ್ಲಿ ಯಾರು ಯಾರು ಕೂತಿದ್ದಾರೆ ಎಂದು ಇಣುಕುವುದು ಸಭ್ಯರ ಲಕ್ಷಣವಲ್ಲ ಎಂದು ಕೇಂದ್ರ ಮೊದಲೇ ತೀರ್ಮಾನಿಸಿತ್ತು. ಇಂದು ಮನಸ್ಸಿನಲ್ಲಿ ಯಾರು ಓಡಾಡಿದರು ಎಂಬುದು ಗಂಡನದಾದರೇನು, ಶತ್ರುವಿನದಾದರೇನು, ಅವರವರ ಸ್ವಂತದ್ದು. ಆದರೆ ಈಗ ತಿಳಿಯಲೇಬೇಕಿತ್ತು. ಯಾವುದು ಉಳಿದಿದೆ, ಯಾವುದು ಬೀಳುವ ಹಾಗಿದೆ ಎಂದು ಗೊತ್ತಾದರೆ ಬೀಳುವುದನ್ನು ಹಿಡಿಯಬಹುದು. ಮಾಸ್ತರರು ಕಾಗದ ಓದಿ, ಅರ್ಥ ಮಾಡಿಕೊಂಡು, ಸಹಿ ಹಾಕಿ ಒಪ್ಪಿಗೆ ಕೊಟ್ಟರು. ಓಡುತ್ತಿರುವ ಕರ್ನಲ್‌ನ ನಡೆಯನ್ನು ಬದಲಿಸುವಂತಿರಲಿಲ್ಲ. ಬದಲಿಸಬೇಕೆಂದರೆ ನಿಲ್ಲಿಸಬೇಕು, ನಿಲ್ಲಿಸಿದರೆ ಪಡಸಾಲೆ ಖಾಲಿ. ನೋಡಿ ವರದಿ ಮಾಡುವ ಒಂದು ಸಣ್ಣ ಕಿಟಕಿಯನ್ನು ಮಾತ್ರ ಹೊರಗಿನಿಂದ ಕೂಡಿಸಬಹುದಿತ್ತು.

"ಸರಳ ಮಾಡ್ರಿ" ಎಂದರು ಜಮಾದಾರ. "ಹೆಸರು ಕೊಡೋದು, ಹೌದು ಇಲ್ಲ ಅಂತ ಉತ್ತರ ತಗೊಳ್ಳೋದು. ಒಂದ ದಿನದ ಕೆಲಸ."

ನೀಲಾ ಮಂಗಳವಾರ ಅದನ್ನೇ ಬರೆದಳು. ಪ್ರಯೋಗಕ್ಕೆಂದು ಮೇಜಿನ ಮೇಲಿಟ್ಟ ಇನ್ನೊಂದು ಒರತೆಯ ಉಗ್ರಾಣದ ತಂತಿ ಕಿತ್ತು, ಪಡಸಾಲೆಯಲ್ಲಿ ಇಲ್ಲದ ಒಂದು ಹೆಸರನ್ನು ಕೇಳಿದಳು. ಇಲ್ಲ ಎಂಬ ಉತ್ತರ ಬಂತು. ಸರಿಯಾದ ಉತ್ತರವೇ. ಆದರೂ ಅವಳಿಗೆ ಸಮಾಧಾನವಾಗಲಿಲ್ಲ. ಯಂತ್ರದ ಹೊಟ್ಟೆ ಬಿಚ್ಚಿ ಚೀಟಿಗಳನ್ನು ಕಣ್ಣಾರೆ ಎಣಿಸಿದಳು. ಮುನ್ನೂರೇ ಇದ್ದವು. ಆದರೆ ಮುಂದೆ ಹೊಸದೊಂದು ಕೂತಿತ್ತು, ಹಿಂದಿನಿಂದ ಒಂದು ಕಾಣೆಯಾಗಿತ್ತು. ಹೊಸ ಚೀಟಿಯ ಮೇಲೆ ಅವಳು ಕೇಳಿದ ಹೆಸರು, ಅದರ ಮುಂದೆ "ಇಲ್ಲ" ಎಂಬ ಗುರುತು.

ಕರ್ನಲ್ ಬಲು ಶಿಸ್ತಿನ ಆಳು. ಒಮ್ಮೆ ಹುಡುಕಿ ಸಿಗದ್ದನ್ನು ಮತ್ತೆ ಮತ್ತೆ ಹುಡುಕುವ ದಂಡದ ಕೆಲಸ ಬೇಡವೆಂದು, "ಇಂಥವರು ಇಲ್ಲ" ಎಂದು ಒಂದು ಚೀಟಿ ಬರೆದು ಪಡಸಾಲೆಯಲ್ಲೇ ಕೂರಿಸಿಕೊಳ್ಳುತ್ತದೆ. ಇಲ್ಲದವನಿಗೂ ಕೂರಲು ಒಂದು ಮಣೆ. ಆ ಮಣೆ ಎಲ್ಲಿಂದ ಬರಬೇಕು? ಇರುವವನೊಬ್ಬನನ್ನು ಎಬ್ಬಿಸಿಯೇ ಬರಬೇಕು. ಎದ್ದವನು ಹಿಂದಿರುಗಿ ಹೋಗಲು ಈಗ ಉಗ್ರಾಣವೂ ಇಲ್ಲ.

ಕುರ್ಚಿ ಹಿಂದಕ್ಕೆ ಉರುಳಿದ್ದನ್ನೂ ನೋಡದೆ ಅವಳು ವಾರ್ಡಿನ ಕಡೆ ಓಡಿದಳು.

ವಾರ್ಡು ಮದುವೆ ಮನೆಯಂತಿತ್ತು. ಮಾಸ್ತರರ ಹಳೆಯ ವಿದ್ಯಾರ್ಥಿಗಳು ಸುದ್ದಿ ತಿಳಿದು ಗುಂಪುಗುಂಪಾಗಿ ಬಂದಿದ್ದರು. ಗದಗದಿಂದ ಸೋದರಮಾವನ ಮನೆಯವರು ಬಂದಿದ್ದರು. ಮಂಚದ ತಲೆದೆಸೆಯಲ್ಲಿ ಅತ್ತೆ ಪಾರವ್ವ ಕೂತು ಒಬ್ಬೊಬ್ಬರನ್ನೇ ಮುಂದಕ್ಕೆ ಕರೆಯುತ್ತಿದ್ದಳು.

"ಸರ್, ನಾ ಯಾರು ಹೇಳ್ರಿ? ನಿಮ್ಮ ಕಡೆ ಹೊಡಿಸಿಕೊಂಡಷ್ಟು ಯಾರೂ ಹೊಡಿಸಿಕೊಂಡಿಲ್ಲ" ಎಂದು ದಪ್ಪ ಮೀಸೆಯವನೊಬ್ಬ ನಗುತ್ತ ಕೇಳುತ್ತಿದ್ದ.

ಮಾಸ್ತರರು ಅವನನ್ನು ನೋಡಿದರು, ಹುಬ್ಬು ಗಂಟಿಕ್ಕಿದರು. "ಗೊತ್ತಾಗವಲ್ದಪಾ" ಎಂದರು. ಅವರ ಮುಖ ಸಪ್ಪಗಾಗಿತ್ತು.

ಒಂದು ಹೋಯಿತು ಎಂದುಕೊಂಡಳು ನೀಲಾ. ಈಗ ಇವನ ಹಿಂದೆ ಇವನ ಹೆಂಡತಿ ಬಗ್ಗುತ್ತಾಳೆ, ಇನ್ನೊಂದು. ಬೆಳಗಿನಿಂದ ಎಷ್ಟು ಜನ ಬಗ್ಗಿದ್ದಾರೋ ದೇವರೇ ಬಲ್ಲ.

"ಎಲ್ಲಾರೂ ಹೊರಗ ನಡೀರಿ. ಈಗ, ಈಗಿಂದೀಗ" ಎಂದಳು. ಎಂದೂ ದನಿ ಎತ್ತದವಳು ಎತ್ತಿದ್ದಕ್ಕೋ ಏನೋ, ಜನ ಬಾಳೆಹಣ್ಣು ಅಲ್ಲಲ್ಲೇ ಇಟ್ಟು ಎದ್ದರು. ಗದಗದ ಸೋದರಮಾವ ಮಾತ್ರ ಬಾಗಿಲಲ್ಲಿ ನಿಂತು, ಇಷ್ಟು ದೂರದಿಂದ ಬಂದವರಿಗೆ ಇದು ಮರ್ಯಾದೆಯೇ ಎಂದು ಯಾರಿಗೂ ಅಲ್ಲ ಎಂಬಂತೆ ಕೇಳಿ ಹೋದರು.

ಪಾರವ್ವ ಕಾರಿಡಾರಿನಲ್ಲಿ ಸೊಸೆಯನ್ನು ತಡೆದು ನಿಲ್ಲಿಸಿದಳು. "ಏನ ಹಚ್ಚೀ ಹುಡುಗಿ ಇದು? ಮಂದಿ ಮಾರಿ ನೋಡಿದ್ರ ನಾಕ ನೆನಪು ಬರ್ತಾವ ಅಂತ ನಾನ ಕರಿಸೀನಿ. ನಾ ಹಡದ ಮಗನ್ನ ನೋಡಾಕ ನಿನ್ನ ಅಪ್ಪಣಿ ಬೇಕೇನು?"

"ಅತ್ತಿ, ನೀವು ಹೆಪ್ಪು ಹಾಕಿದ ಗಡಿಗಿ ಯಾರರ ಅಲ್ಲಾಡಿಸಿ ನೋಡಿದ್ರ ಸುಮ್ಮನಿರ್ತೀರೇನು?"

"ಯಾಕ ಸುಮ್ಮನಿರಲಿ? ಮಸರು ಒಡದು ನೀರಾಗತೈತಿ."

"ಅವರ ತಲಿ ಈಗ ಹಂಗ ಐತ್ರಿ. ನಾ ಯಾರು, ನಾ ಯಾರು ಅಂತ ಕೇಳಿದಷ್ಟೂ ಒಡೀತೈತಿ. ಶನಿವಾರತನ ಯಾರೂ ಮಾರಿ ತೋರಿಸಬಾರದು. ನಾನೂ ತೋರಿಸಂಗಿಲ್ಲ."

ಪಾರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಗಂಜಿ ಯಾರು ಕುಡಿಸ್ತಾರ?" ಎಂದಷ್ಟೇ ಕೇಳಿದಳು.

"ಒಬ್ಬ ನರ್ಸ ಕುಡಿಸ್ತಾರ. ಮುಖಕ್ಕ ಮಾಸ್ಕ ಹಾಕ್ಕೊಂಡು, ಮಾತಾಡದಂಗ."

ಅಂದಿನಿಂದ ನೀಲಾ ವಾರ್ಡಿನ ಬಾಗಿಲು ದಾಟಲಿಲ್ಲ. ಕಾರಿಡಾರಿನಲ್ಲಿ ಹೋಗುವಾಗ ಗೋಡೆ ಹಿಡಿದು ಹೋಗುತ್ತಿದ್ದಳು, ಗಾಜಿನಲ್ಲಿ ತಾನು ಕಂಡುಬಿಟ್ಟರೆ ಎಂಬ ಅಂಜಿಕೆ. ಒಳಗೆ ಅವರು ಕೆಮ್ಮಿದರೆ ಕಾಲುಗಳು ತಾವಾಗಿ ನಿಲ್ಲುತ್ತಿದ್ದವು. ಹೋಗಿ ಹಣೆ ಮುಟ್ಟಿ ನೋಡಬೇಕು ಅನ್ನಿಸುತ್ತಿತ್ತು. ಆಗ ತಾನೇ ಮಾಡಿದ ನಿಯಮದ ಮೇಲೆ ಸಿಟ್ಟು ಬರುತ್ತಿತ್ತು. ಸಿಟ್ಟನ್ನು ಹೊತ್ತುಕೊಂಡೇ ಪ್ರಯೋಗಾಲಯಕ್ಕೆ ಬಂದು ಕೂರುತ್ತಿದ್ದಳು.

ಹೆಸರು ಕೊಟ್ಟು ಕೇಳುವ ದಾರಿ ಮುಚ್ಚಿತ್ತು. ಅವಳು ಇನ್ನೊಂದು ದಾರಿ ಹಿಡಿದಳು. ಯಾರ ಹೆಸರನ್ನೂ ಕೂಗಬಾರದು. ಪಡಸಾಲೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸದ್ದಿಲ್ಲದೆ ನಡೆದು ಹೋಗಬೇಕು, ಕೂತವರನ್ನು ಕೂತ ಕ್ರಮದಲ್ಲೇ ಬರೆದುಕೊಳ್ಳಬೇಕು: ಮೇಲಿನ ಹೆಸರು, ಕೊನೆಯ ಸಲ ಕರೆದದ್ದು ಎಂದು, ನಿಜವಾದ ಚೀಟಿಯೋ ಇಲ್ಲ-ಚೀಟಿಯೋ. ವಿಳಾಸ ಬೇಡ, ಅದರ ಬೀಗ ಒರತೆಗೆ ಒರತೆ ಎದುರಾದಾಗ ಮಾತ್ರ ತೆರೆಯುತ್ತದೆ. ಬರೆದುಕೊಂಡೆ ಎಂಬ ಕಾರಣಕ್ಕೆ ಯಾವ ಚೀಟಿಯೂ ಮುಂದೆ ಜರುಗಬಾರದು, ಹಿಂದೆ ಸರಿಯಬಾರದು.

"ನೀವು ನಡಕೋತ ಹೋಗುವಾಗ ನಡುವ ಯಾರರ ಎದ್ದು ಹೋದ್ರ?" ಜಮಾದಾರ ಕೇಳಿದರು. "ಕಾಲಾಗಿನ ನೆಲಾನ ಜಾರತೈತಿ, ಕರ್ನಲ್ ಕುಸೀತೈತಿ."

"ಅದಕ್ಕ ಪಡಸಾಲಿಗೆ ಬೀಗ ಹಾಕ್ಕೊಂಡ ನಡೀಬೇಕ್ರಿ."

"ಬೀಗ ಹಾಕಿದಾಗ ಮಾಸ್ತರ್‌ಗೆ ಏನೂ ನೆನಪಾಗಂಗಿಲ್ಲ. ನೀರಿಗೆ ನೀರು ಅಂತಾರ ಅನ್ನೋದೂ ನೆನಪಾಗಂಗಿಲ್ಲ. ಮುನ್ನೂರು ಚೀಟಿ ನೋಡಾಕ ಎಷ್ಟು ಹೊತ್ತು?"

ಅವಳು ಮೇಜಿನ ಮೇಲಿನ ಒರತೆಯಲ್ಲಿ ಅಳೆದು ನೋಡಿದ್ದಳು. ಒಂದೇ ಉಸಿರಿಗೆ ನೋಡಿದರೆ ರೋಗಿಗೆ ಕಣ್ಣು ಕತ್ತಲೆ ಬರುವಷ್ಟು ಹೊತ್ತು. ಆದ್ದರಿಂದ ಐದೈದು ಚೀಟಿ ನೋಡಿ ಬೀಗ ತೆಗೆಯುವುದು, ಎಲ್ಲಿಗೆ ನಿಲ್ಲಿಸಿದೆ ಎಂದು ಒಂದು ಗುರುತಿಟ್ಟು ಮತ್ತೆ ಹಾಕುವುದು. ಆ ಗುರುತಿಟ್ಟ ಚೀಟಿಯೇ ನಡುವೆ ಜಾಗ ಬದಲಿಸಿದರೆ ಸುಳ್ಳು ವರದಿ ಬರುತ್ತದೆ. ಬಂದರೆ "ಈ ವರದಿ ನಂಬಬೇಡಿ" ಎಂದು ಕಿಟಕಿಯೇ ಹೇಳಬೇಕು. ಬುಧವಾರ, ಗುರುವಾರ ಎರಡೂ ದಿನ ಅವಳು ಇದನ್ನು ಬರೆದಳು, ಅಳಿಸಿದಳು, ಬರೆದಳು. ಮೇಜಿನ ಮೇಲಿನ ಯಂತ್ರ ಎರಡು ಸಲ ಕುಸಿಯಿತು. ಎರಡು ಸಲವೂ ಅವಳಿಗೆ ಕಂಡದ್ದು ಯಂತ್ರವಲ್ಲ, ಮಂಚದ ಮೇಲಿನ ಮುಖ. ಜಮಾದಾರರು ತರಿಸಿದ ಗಿರಮಿಟ್ ಪೊಟ್ಟಣದಲ್ಲೇ ಮೆತ್ತಗಾಗಿ ಹೋಯಿತು.

ಮನೆಯಲ್ಲಿ ಪಾರವ್ವ ಅನ್ನ ಬಡಿಸುತ್ತ, "ನೀ ಹಿಂಗ ಉಪಾಸ ಬಿದ್ರ ಅವಗೇನು ಗುಣ ಆಗತೈತೇನು? ಉಣ್ಣು" ಎನ್ನುವಳು. ಸೊಸೆ ತಲೆ ಎತ್ತಿ ನೋಡಿದರೆ ಅತ್ತೆಯ ಕಣ್ಣು ಬೇರೆ ಕಡೆ ಹೋಗುತ್ತಿತ್ತು. ಅದೇಕೆಂದು ನೀಲಾಳಿಗೆ ಶುಕ್ರವಾರದವರೆಗೆ ತಿಳಿಯಲಿಲ್ಲ.

ಶುಕ್ರವಾರ ಮಧ್ಯಾಹ್ನ ಮಾಸ್ತರರು ಉಂಡು ಮಲಗಿದ ಮೇಲೆ ಕಿಟಕಿ ತೆರೆದರು. ಐದೈದೇ ಹೆಸರು ಪರದೆಯ ಮೇಲೆ ಇಳಿದವು. ಎಲ್ಲರಿಗಿಂತ ಮುಂದೆ ಕೂತಿದ್ದದ್ದು "ಅವ್ವ".

"ಹತ್ತು ನಿಮಿಷದ ಹಿಂದ ಕರದದ್ದು ಅಂತ ತೋರಸಾಕತ್ತೈತಿ" ಎಂದರು ಜಮಾದಾರ.

ನೀಲಾಳಿಗೆ ಅಷ್ಟು ಸಂಕಟದಲ್ಲೂ ನಗು ಬಂತು. "ಮಾಸ್ಕ ಹಾಕ್ಕೊಂಡು ಗಂಜಿ ಕುಡಿಸೋ ನರ್ಸು ಯಾರು ಅಂತ ಈಗ ಗೊತ್ತಾತ್ರಿ. ಮಾಸ್ಕ ಹಾಕಿದ್ರ ಅವ್ವನ ಕೈ ಗುರ್ತ ಸಿಗಂಗಿಲ್ಲ ಅಂತ ತಿಳಕೊಂಡಾರ ನಮ್ಮತ್ತಿ."

ಅದರ ಹಿಂದೆ ಸಾಲುಸಾಲು ಇಲ್ಲ-ಚೀಟಿಗಳು. ಮೀಸೆಯವನು ಇಲ್ಲ, ಅವನ ಹೆಂಡತಿ ಇಲ್ಲ, ಗದಗದ ಮಾವ ಇಲ್ಲ. ಅವರು ಯಾರಿರಬಹುದು ಎಂದು ಮಾಸ್ತರರು ಮತ್ತೆ ಮತ್ತೆ ಹುಡುಕಿದ್ದರಿಂದ, ಪ್ರೀತಿಯಿಂದ ಬಂದವರೆಲ್ಲ ಮುಂದಿನ ಮಣೆ ಹಿಡಿದು ಕೂತಿದ್ದರು. ಆಮೇಲೆ ನಿಜವಾದವರು: ಕುಂಚ, ಬಣ್ಣಗಳ ಹೆಸರು, ಮನೆಯ ದಾರಿ, ಉಪ್ಪಿನ ಡಬ್ಬಿ. ನೂರು ದಾಟಿತು, ಇನ್ನೂರು ದಾಟಿತು. ತನ್ನ ಹೆಸರು ಬರಲೇ ಇಲ್ಲ. ನೀಲಾ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಳು.

ಮುನ್ನೂರನೆಯ ಸಾಲಿನಲ್ಲಿ, ಕಟ್ಟಕಡೆಗೆ, "ನೀಲಾ" ಇತ್ತು. ಮಂಗಳವಾರದಿಂದ ಕರೆಯದ ಚೀಟಿ. ನಿಯಮವನ್ನು ಎಲ್ಲರಿಗಿಂತ ಸರಿಯಾಗಿ ಪಾಲಿಸಿದವಳು ಅವಳೇ ಆಗಿದ್ದರಿಂದ ಬೀಳಲು ಅವಳೇ ಮೊದಲಿಗಳಾಗಿದ್ದಳು.

"ಅದಾಳ" ಎಂದಳು. ತನ್ನ ಬಗ್ಗೆಯೇ ಯಾರದೋ ಮಗಳ ಬಗ್ಗೆ ಹೇಳಿದ ಹಾಗೆ.

ಇಬ್ಬರಿಗೂ ಗೊತ್ತಿತ್ತು. ನಾಳೆ ಎಚ್ಚರವಿರುವಾಗಲೇ ಚೀಟಿ ದಾಟಿಸಬೇಕು, ಅದಕ್ಕೆ ಮೊದಲು ಡಾಕ್ಟರ್ ಪಟ್ಟೇದ ರೋಗಿಯನ್ನು ಮಾತಾಡಿಸಿ ನೋಡಲೇಬೇಕು. ಪಟ್ಟೇದ ಅವರ ದನಿ ಪಡಸಾಲೆಯಲ್ಲಿ ಇರಲಿಲ್ಲ. ಒಂದು ಇಲ್ಲ-ಚೀಟಿ ಹುಟ್ಟುತ್ತದೆ, ಒಂದು ನಿಜವಾದ ಚೀಟಿ ಬೀಳುತ್ತದೆ.

"ಇದರಾಗ ತಲಿ ಕೆಡಿಸಿಕೊಳ್ಳೋದೇನೈತ್ರಿ" ಎಂದರು ಜಮಾದಾರ ಕಡೆಗೆ. "ನೀವು ಪಡಸಾಲ್ಯಾಗ ಅದೀರಿ ಅಂತ ಈಗ ಖಾತ್ರಿ ಆತು. ಇರೋರನ್ನ ಕರದ್ರ ಯಾರೂ ಬೀಳಂಗಿಲ್ಲ. ಒಂದ ನಿಮಿಷ ಬಾಗಿಲಾಗ ಹೋಗಿ ನಿಲ್ರಿ. ಅವರು ನೋಡ್ಲಿ. ನೀವು ಮುಂದಿನ ಸಾಲಿಗೆ ಬರ್ತೀರಿ."

ನೀಲಾ ಎದ್ದೇಬಿಟ್ಟಿದ್ದಳು. ಏಳುವಾಗ ತನ್ನ ಹೆಸರಿನ ಮೇಲಿನ ಸಾಲು ಕಣ್ಣಿಗೆ ಬಿತ್ತು. ತಾನು ಮುಂದೆ ಹೋದರೆ ಕಟ್ಟಕಡೆಗೆ ಉಳಿಯುವವರು ಯಾರು ಎಂದು ನೋಡಿದಳು.

"ಬಸು" ಎಂದಿತ್ತು.

ಬಸು ಅವರ ಮಗ. ನಾಲ್ಕು ವರ್ಷ ಬದುಕಿ, ಡೆಂಗಿ ಜ್ವರದಲ್ಲಿ ಒಂದೇ ವಾರದಲ್ಲಿ ಹೋದವನು. ಹನ್ನೊಂದು ವರ್ಷವಾಗಿತ್ತು. ಗಂಡ ಹೆಂಡತಿ ಆ ಹೆಸರನ್ನು ಒಬ್ಬರ ಎದುರು ಒಬ್ಬರು ಎತ್ತಿರಲಿಲ್ಲ. ಎತ್ತಿದರೆ ಎದುರಿನವರು ಉಳಿಯುವುದಿಲ್ಲ ಎಂದು ಇಬ್ಬರೂ ಅಂದುಕೊಂಡಿದ್ದರು. ಅವರು ಮರೆತರೇನೋ ಎಂದು ನೀಲಾ ಕೆಲವು ಸಲ ಒಳಗೊಳಗೇ ಬೈದುಕೊಂಡದ್ದೂ ಉಂಟು. ಮರೆತಿರಲಿಲ್ಲ. ಚೀಟಿಯ ಮೇಲಿನ ದಿನಾಂಕವೂ ಮಂಗಳವಾರದ್ದೇ. ಅವಳು ಎಲ್ಲರನ್ನೂ ಹೊರಗೆ ಕಳಿಸಿ ಹೋದ ಮೇಲೆ, ಖಾಲಿ ವಾರ್ಡಿನಲ್ಲಿ, ಅವರು ಒಬ್ಬರೇ ಒಂದು ಗಳಿಗೆ ಅವನನ್ನು ಕರೆದುಕೊಂಡಿದ್ದರು.

ನೀಲಾ ಕೂತಳು. ಸ್ವಲ್ಪ ಹೊತ್ತು ಅತ್ತಳು, ಮರೆಮಾಡಲಿಲ್ಲ.

ಜಮಾದಾರ ನೀರಿನ ಬಾಟಲಿ ಅವಳ ಕಡೆ ಸರಿಸಿದರು. "ಅವನ ಹೆಸರೂ ಹೇಳಿಬಿಡ್ರಿ ಮಾಸ್ತರ್ ಮುಂದ. ಅವನೂ ಮುಂದ ಬರ್ತಾನ."

"ನನ್ನ ಬಾಯಾಗ ಬಸುನ ಹೆಸರು ಒಂದ ಬರಂಗಿಲ್ರಿ ಸರ್. ಅದರ ಹಿಂದ ಆ ವಾರ, ಆ ದವಾಖಾನಿ, ಎತ್ತಿಕೊಂಡು ಹೋದದ್ದು, ಎಲ್ಲಾ ಬರ್ತಾವ. ಇಡೀ ವರದಿ ನೋಡಿದ್ವಲ್ಲ, ಅವ್ಯಾವೂ ಪಡಸಾಲ್ಯಾಗ ಇಲ್ಲ. ಒಂದೊಂದಕ್ಕೂ ಒಂದು ಇಲ್ಲ-ಚೀಟಿ ಹುಟ್ಟತೈತಿ. ಹತ್ತು ಹದಿನೈದು ಬೀಳ್ತಾವ. ಕುಂಚ ಹಿಡಿಯೋದು ಬೀಳಬಹುದು, ಮನಿ ದಾರಿ ಬೀಳಬಹುದು."

"ಹಂಗಾರ ನೀವಷ್ಟ ಹೋಗ್ರಿ."

"ನಾ ಹೋದ್ರ ಅವ ಬೀಳ್ತಾನ."

"ನೀಲಾ," ಜಮಾದಾರ ಮೆಲ್ಲಗೆ ಅಂದರು, "ಅವ ಇಲ್ಲಲ್ಲ. ನೀವು ಅದೀರಿ."

"ಅದಕ್ಕ ರಿ." ಅವಳು ಮೂಗೊರೆಸಿಕೊಂಡಳು. "ನಾ ಅದೀನಿ. ನಾಳೆ ಹೋಗಿ ನಾ ಇಂಥಾಕಿ ಅಂತ ಪರಿಚಯ ಮಾಡ್ಕೋತೀನಿ, ಹೊಸಾ ಚೀಟಿ ಬರೀತೈತಿ. ಹಳೇದು ಹೋಗತೈತಿ, ಹೋಗ್ಲಿ. ಬಸು ಎಲ್ಲಿಂದ ಬಂದು ಪರಿಚಯ ಮಾಡ್ಕೋಬೇಕು? ಅವನ್ನ ಎತ್ತಿಕೊಂಡು ತಿರುಗಿದವರು ಇಬ್ಬರ. ಒಬ್ಬರ ತಲಿಯೊಳಗಿಂದ ಹೋದ್ರ ಉಳದಾಕಿ ನಾ ಒಬ್ಬಾಕಿ."

ಹೀಗೆ ಹೇಳಿದಳೆಂದು ಅವಳಿಗೆ ಧೈರ್ಯ ಬಂದಿತ್ತು ಎಂದುಕೊಳ್ಳಬೇಡಿ. ಸಂಜೆ ಎರಡು ಸಲ ವಾರ್ಡಿನ ಬಾಗಿಲ ತನಕ ಹೋದಳು. ಒಳಗೆ ಮಾಸ್ತರರು ಹೊದಿಕೆಯ ಮೇಲೆ ಬೆರಳಿನಿಂದ ಏನೋ ಗೆರೆ ಎಳೆಯುತ್ತಿದ್ದರು. ಒಂದು ಹೆಜ್ಜೆ ಇಟ್ಟರೆ ಸಾಕಿತ್ತು. ಅವರು ತಲೆ ಎತ್ತಿ "ಬಾ, ಎಲ್ಲಿ ಹೋಗಿದ್ದಿ?" ಎನ್ನುತ್ತಿದ್ದರು. ಆ ದನಿಯಲ್ಲಿ ಅವರು ತನ್ನನ್ನು ಕರೆಯುವುದು ಇನ್ನು ಮೇಲೆ ಇರುವುದಿಲ್ಲ. ಎರಡನೆಯ ಸಲ ಪಾರವ್ವ ಬಂದು ಅವಳ ತೋಳು ಹಿಡಿದು ಮನೆಗೆ ಕರೆದುಕೊಂಡು ಹೋದಳು. ಮಾಸ್ಕಿನ ವಿಷಯ ಇಬ್ಬರೂ ಎತ್ತಲಿಲ್ಲ.

ಶನಿವಾರ ಆಪರೇಷನ್ ಸುಸೂತ್ರವಾಯಿತು. ಡಾಕ್ಟರ್ ಪಟ್ಟೇದ ಹೊರಗೆ ಬಂದು, ನಿನ್ನೆ ಎಣಿಸಿದ ನಿಜವಾದ ಚೀಟಿಗಳಲ್ಲಿ ಒಂದು ಬಿಟ್ಟು ಉಳಿದದ್ದೆಲ್ಲ ದಾಟಿತು ಎಂದರು. ಯಾವುದು ಎಂದು ಅವರಿಗೆ ಗೊತ್ತಿರಲಿಲ್ಲ, ನೀಲಾ ಹೇಳಲೂ ಇಲ್ಲ.

ಮರುದಿನ ಅತ್ತೆ ಸೊಸೆ ಇಬ್ಬರನ್ನೂ ಒಳಗೆ ಬಿಟ್ಟರು. ಮಾಸ್ತರರು ದಿಂಬಿಗೆ ಒರಗಿ ಕೂತಿದ್ದರು, ತಲೆಗೆ ಬಿಳಿ ಪಟ್ಟಿ. ತಾಯಿಯನ್ನು ಕಂಡದ್ದೇ, "ಬೇ ಅವ್ವಾ, ಗಂಜಿ ಸಾಕ ಬೇ, ರೊಟ್ಟಿ ತಾ" ಎಂದರು. ಪಾರವ್ವ ನಗುತ್ತ ಅಳುತ್ತ ಅವರ ಕೆನ್ನೆ ಸವರಿದಳು. ಆಮೇಲೆ ಅವರ ಕಣ್ಣು ಬಾಗಿಲ ಹತ್ತಿರ ನಿಂತವಳ ಮೇಲೆ ಬಿತ್ತು. ನೋಡಿದರು. ಪರಸ್ಥಳದ ಹೆಂಗಸಿನ ಎದುರು ಗಂಡಸರು ಮಾಡುವಂತೆ ಹೊದಿಕೆ ಸರಿಮಾಡಿಕೊಂಡರು.

"ಇವರು ಯಾರ ಬೇ?"

ಪಾರವ್ವನ ಕೈ ನಿಂತಿತು. ನೀಲಾ ಇದಕ್ಕೆ ತಯಾರಾಗಿ ಬಂದಿದ್ದಳು. ನಾನು ನಿಮ್ಮ ಹೆಂಡತಿ ಎಂದರೆ ಅಪರಿಚಿತನ ಮೇಲೆ ಹೊರೆ ಹೊರಿಸಿದಂತಾಗುತ್ತದೆ, ಕೇಂದ್ರದ ಎಂಜಿನಿಯರು ಎಂದು ಹೇಳಿ ಮೆಲ್ಲಗೆ ಪರಿಚಯ ಬೆಳೆಸುತ್ತೇನೆ ಎಂದುಕೊಂಡಿದ್ದಳು. ಬಾಯಿಗೆ ಬಂದದ್ದು ಬೇರೆ.

"ನಾ ಬಸುನ ಅವ್ವ ರಿ."

ಮಾಸ್ತರರ ಮುಖ ಅರಳಿತು. "ಹೌದೇನ್ರಿ? ನಮ್ಮ ಬಸುನ ಅವ್ವಾ? ಬರ್ರಿ, ಕೂಡ್ರಿ ಹಂಗಾರ." ಕಾಲು ಮಡಚಿ ಮಂಚದ ಮೇಲೆ ಜಾಗ ಮಾಡಿದರು. ಅವಳ ಮುಖದಲ್ಲಿ ಏನನ್ನೋ ಹುಡುಕಿ, ಸಿಕ್ಕಂತೆ ತಲೆ ಆಡಿಸಿದರು. ಆಮೇಲೆ ಅವಳ ಹಿಂದೆ, ಬಾಗಿಲ ಕಡೆಗೆ, ಮಗುವಿನ ಎತ್ತರಕ್ಕೆ ಕಣ್ಣು ಇಳಿಸಿ ನೋಡಿದರು.

"ಅವನ್ನ ಎಲ್ಲಿ ಬಿಟ್ಟು ಬಂದ್ರಿ?"

ನೀಲಾಳಿಗೆ ಆಗ ಹೊಳೆಯಿತು. ಆ ವಾರದ ಚೀಟಿ ಇಲ್ಲ, ಆ ದವಾಖಾನೆಯ ಚೀಟಿ ಇಲ್ಲ, ಎತ್ತಿಕೊಂಡು ಹೋದದ್ದರ ಚೀಟಿ ಇಲ್ಲ ಎಂದು ತಾನೇ ವರದಿ ಓದಿ ಹೇಳಿದ್ದಳು. ಅವು ಇಲ್ಲದ ತಲೆಯಲ್ಲಿ ಬಸು ಹೇಗಿರುತ್ತಾನೆ ಎಂದು ಮಾತ್ರ ಯೋಚಿಸಿರಲಿಲ್ಲ. ಪಾರವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

"ಕನ್ನಡ ಸಾಲಿಗೆ ಹೋಗ್ಯಾನೇನು?" ಮಾಸ್ತರರು ಕೇಳಿದರು.

ನೀಲಾ ಅವರು ಮಾಡಿಕೊಟ್ಟ ಜಾಗದಲ್ಲಿ ಕೂತಳು. ಹನ್ನೊಂದು ವರ್ಷ ಆಡದೆ ಇಟ್ಟ ಮಾತು, ಎಲ್ಲಿಂದ ಎತ್ತಿಕೊಂಡರೂ ಕಡೆಗೆ ಅಲ್ಲಿಗೇ ಹೋಗಿ ಮುಟ್ಟುವಂಥದ್ದು.

"ಹೇಳ್ತೀನ್ರಿ" ಎಂದಳು. ಅವನು ಹುಟ್ಟಿದ ದಿನದಿಂದ ಶುರು ಮಾಡಿದಳು.